ಟೂರಿಸ್ಟ್ ಫ್ಯಾಮಿಲಿ: ಡೊಂಬಿವಲಿಯ ಎರಡನೇ ಮಾಳಿಗೆಯಿಂದ

ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಜುಲೈ ತಿಂಗಳ ಒಂದು ಭಾನುವಾರ. ಬೆಳಗಿನಿಂದ ಮಳೆ ಹಿಡಿದುಕೊಂಡಿತ್ತು, ಲೋಕಲ್ ಗಾಡಿಗಳು ತಡ, ಯಾರಿಗೂ ಎಲ್ಲಿಗೂ ಹೋಗುವುದಿರಲಿಲ್ಲ. ಎದುರು ಬಾಗಿಲಿನ ಮಾಮಿ ಊಟ ಮುಗಿಸಿ ಬಂದು ತಮಿಳು ಬೆರೆತ ಹಿಂದಿಯಲ್ಲಿ, ‘ಟೀಚರ್, ಮೂರು ಗಂಟೆಗೆ ಬನ್ನಿ, ಆ ಸಿನಿಮಾ ಹಾಕ್ತೀನಿ. ಮೇಲಿನ ಕಾಕೂನ್ನೂ ಕರ್ಕೊಂಡು ಬನ್ನಿ’ ಅಂದರು.

ಮೂರು ಗಂಟೆಗೆ ಅವರ ಹಾಲ್‌ನಲ್ಲಿ ಒಂಬತ್ತು ಜನ. ತಿರುನೆಲ್ವೇಲಿ ಕಡೆಯ ಮಾಮಿ, ಸಾತಾರಾದ ಕಾಕೂ (ಮರಾಠಿಯಲ್ಲಿ ಚಿಕ್ಕಮ್ಮ), ನೆಲಮಾಳಿಗೆಯಲ್ಲಿ ಸ್ಟೇಷನರಿ ಅಂಗಡಿ ಇಟ್ಟಿರುವ ಕಚ್ಛೀ ಗಂಡ ಹೆಂಡತಿ, ಅವರ ಕಾಲೇಜಿಗೆ ಹೋಗುವ ಮಗಳು, ಮೂರನೇ ಮಾಳಿಗೆಯ ನಿವೃತ್ತ ರೈಲ್ವೆ ನೌಕರರು, ಅವರ ಮೊಮ್ಮಗ, ನನ್ನ ಯಜಮಾನರು, ನಾನು. ಕಾಕೂ ಒಂದು ತಟ್ಟೆ ಕಾಂದಾ ಭಜಿ ತಂದಿದ್ದರು. ನಾನು ಊರಿಂದ ಬಂದ ಹಲಸಿನ ಹಪ್ಪಳ ಕರಿದು ಒಯ್ದಿದ್ದೆ. ಎಷ್ಟೋ ವರ್ಷದಿಂದ ಒಂದೇ ಮೆಟ್ಟಿಲು ಹತ್ತಿ ಇಳಿಯುವವರು ನಾವು. ಹೀಗೆ ಒಬ್ಬರ ಮನೆಯಲ್ಲಿ ಒಟ್ಟಿಗೆ ಕೂತು ಒಂದು ಸಿನಿಮಾ ನೋಡಿದ್ದು ಅದೇ ಮೊದಲು.

‘ಟೂರಿಸ್ಟ್ ಫ್ಯಾಮಿಲಿ’ 2025ರ ಮೇ 1ರಂದು ತೆರೆಕಂಡ ತಮಿಳು ಚಿತ್ರ. ಬರೆದು ನಿರ್ದೇಶಿಸಿದವರು ಅಭಿಷಣ್ ಜೀವಿಂತ್, ಇದು ಅವರ ಮೊದಲ ಚಿತ್ರ. ಜೂನ್ ಆರಂಭದಲ್ಲಿ ಜಿಯೋಹಾಟ್‌ಸ್ಟಾರ್‌ಗೆ ಬಂದ ವಾರವೇ ನಾನು ಒಬ್ಬಳೇ ಮೊಬೈಲಿನಲ್ಲಿ ನೋಡಿದ್ದೆ, ಇಷ್ಟವಾಗಿತ್ತು. ಆದರೆ ಇದು ಹತ್ತು ಜನ ಕೂತು ನೋಡಬೇಕಾದ ಚಿತ್ರ ಎನ್ನುವುದು ಮಾಮಿಯ ಮನೆಯಲ್ಲಿ ಗೊತ್ತಾಯಿತು. ಒಬ್ಬಳೇ ನೋಡಿದಾಗ ಮುಗುಳ್ನಕ್ಕ ಕಡೆಗಳಲ್ಲೆಲ್ಲ ಈ ಸಲ ಕಾಕೂ ಭಜಿ ಕೈಯಲ್ಲೇ ಹಿಡಿದು ಗಟ್ಟಿಯಾಗಿ ನಗುತ್ತಿದ್ದರು, ಅವರನ್ನು ನೋಡಿ ನಾವೆಲ್ಲ.

ಕಥೆ ಸರಳ. ಶ್ರೀಲಂಕಾದ ಆರ್ಥಿಕ ಕುಸಿತದಲ್ಲಿ ಬದುಕು ಕಷ್ಟವಾದ ಒಂದು ತಮಿಳು ಕುಟುಂಬ ರಾತ್ರೋರಾತ್ರಿ ದೋಣಿ ಹತ್ತಿ ರಾಮೇಶ್ವರದ ದಡಕ್ಕೆ ಬರುತ್ತದೆ. ಅಪ್ಪ ಧರ್ಮದಾಸ್, ಎಲ್ಲರ ಬಾಯಲ್ಲಿ ದಾಸನ್. ಅಮ್ಮ ವಾಸಂತಿ. ದೊಡ್ಡ ಮಗ ನಿತುಷನ್, ಚಿಕ್ಕವನು ಮುಳ್ಳಿ. ವಾಸಂತಿಯ ಸಹೋದರ ಪ್ರಕಾಶ್ ಚೆನ್ನೈಯ ಒಂದು ಬಡಾವಣೆಯಲ್ಲಿ ಅವರಿಗೆ ಬಾಡಿಗೆ ಮನೆ ಹಿಡಿದುಕೊಡುತ್ತಾನೆ. ಒಂದೇ ಷರತ್ತು, ಯಾರ ಜೊತೆಗೂ ಬೆರೆಯಬೇಡಿ, ಬಾಯಿ ಬಿಡಬೇಡಿ, ಕೇಳಿದರೆ ಕೇರಳದವರು ಅನ್ನಿ. ಅತ್ತ ರಾಮೇಶ್ವರದಲ್ಲಿ ಒಂದು ಬಾಂಬ್ ಸ್ಫೋಟವಾಗಿ, ಆಗಷ್ಟೇ ಕಡಲು ದಾಟಿ ಬಂದವರ ಮೇಲೆ ಪೊಲೀಸರ ಅನುಮಾನ ಬೀಳುತ್ತದೆ. ಇತ್ತ ಮನೆಯ ಮಾಲೀಕರು ಸ್ವತಃ ಪೊಲೀಸ್ ಇಲಾಖೆಯವರು. ಇಷ್ಟು ಹೇಳಿದರೆ ಸಾಕು, ಮುಂದಿನದನ್ನು ನೀವೇ ನೋಡಿ.

ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಚಿತ್ರ ಇನ್ನಷ್ಟು ಹತ್ತಿರವಾಗುತ್ತದೆ. 2022ರ ಮಾರ್ಚ್‌ನಲ್ಲಿ ಶ್ರೀಲಂಕಾದ ಪಶ್ಚಿಮ ಪ್ರಾಂತ್ಯದಲ್ಲಿ ಪ್ರಶ್ನೆಪತ್ರಿಕೆ ಮುದ್ರಿಸಲು ಕಾಗದವಿಲ್ಲದೆ ಶಾಲಾ ಪರೀಕ್ಷೆಗಳನ್ನೇ ಮುಂದೂಡಿದರು. ಮೂವತ್ತು ವರ್ಷ ಮೇಷ್ಟ್ರಗಿರಿ ಮಾಡಿದ ನನ್ನ ಎದೆಗೆ ಆ ಸುದ್ದಿ ಪೆಟ್ರೋಲಿನ ಸಾಲಿಗಿಂತ ಹೆಚ್ಚು ತಾಗಿತ್ತು. ಅದೇ ತಿಂಗಳ 22ರಂದು ಹದಿನಾರು ಜನ ಎರಡು ತಂಡವಾಗಿ ಕಡಲು ದಾಟಿ ರಾಮೇಶ್ವರದ ಕಡೆ ಬಂದಿಳಿದರು, ಅವರಲ್ಲಿ ಮಕ್ಕಳೂ ಇದ್ದರು. ತಲೈಮನ್ನಾರಿನಿಂದ ಧನುಷ್ಕೋಟಿಗೆ ಸುಮಾರು ಮೂವತ್ತು ಕಿಲೋಮೀಟರ್ ನೀರು, ನಮ್ಮ ಡೊಂಬಿವಲಿಯಿಂದ ಘಾಟ್ಕೋಪರ್ ಆಚೆಗೆ ಹೋದಷ್ಟು ದೂರ. ಆ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಕೊಲಂಬೊದಲ್ಲಿ ಬೆಲೆಯೇರಿಕೆ ಶೇಕಡಾ 70ರ ಹತ್ತಿರ ಇತ್ತು. ಚಿತ್ರ ಈ ಯಾವುದನ್ನೂ ಪಾಠದ ಹಾಗೆ ಹೇಳುವುದಿಲ್ಲ. ನಾಲ್ಕು ಜನ, ಕೈಯಲ್ಲಿ ಹಿಡಿಸಿದಷ್ಟು ಸಾಮಾನು, ಕತ್ತಲಲ್ಲಿ ದೋಣಿ. ಅಷ್ಟೇ ತೋರಿಸಿ ಮುಂದೆ ಹೋಗುತ್ತದೆ.

ನನ್ನನ್ನು ಹಿಡಿದು ಕೂರಿಸಿದ್ದು ಆ ‘ಬಾಯಿ ಬಿಡಬೇಡಿ’ ಅನ್ನುವ ಷರತ್ತು.

ಇವರೂ ತಮಿಳರೇ, ಬಂದದ್ದೂ ತಮಿಳು ನಾಡಿಗೇ. ಆದರೂ ಮಾತಾಡಿದರೆ ಸಿಕ್ಕಿಬೀಳುತ್ತಾರೆ. ಜಾಫ್ನಾ ಕಡೆಯ ತಮಿಳು ಚೆನ್ನೈನವರ ಕಿವಿಗೆ ಮಲಯಾಳದ ಹಾಗೆ ಕೇಳಿಸುತ್ತದಂತೆ, ಅದಕ್ಕೇ ಕೇರಳದವರು ಅನ್ನುವ ಉಪಾಯ. ಮಾಮಿ ನಡುನಡುವೆ ನಮಗೆ ಬಿಡಿಸಿ ಹೇಳುತ್ತಿದ್ದರು. ಚೆನ್ನೈನವರು ‘ಪೇಸು’ ಅನ್ನುವ ಕಡೆ ಇವರು ‘ಕದೈ’ ಅನ್ನುತ್ತಾರೆ, ಮಾತಾಡುವುದು ಅಂದರೆ ಇವರಿಗೆ ಕಥೆ ಹೇಳುವುದು. ‘ಆಮಾ’ ಅನ್ನುವುದಕ್ಕೆ ‘ಓಂ’. ಚೆಂದ ಅನ್ನುವುದಕ್ಕೆ ‘ವಡಿವು’. ಮೂರನೇ ಮಾಳಿಗೆಯ ಅಜ್ಜನವರು, ಹೌದು ಅನ್ನುವುದಕ್ಕೆ ಓಂ ಅನ್ನುವ ಜನ ಇದ್ದಾರೆಂದು ತಿಳಿದು ಬಹಳ ಹೊತ್ತು ಅದನ್ನೇ ಹೇಳುತ್ತಿದ್ದರು. ಈ ಚಿತ್ರವನ್ನು ಬೇರೆ ಭಾಷೆಯ ಡಬ್ಬಿಂಗ್‌ನಲ್ಲಿ ನೋಡಬೇಡಿ ಎಂದು ನಾನು ಕೇಳಿಕೊಳ್ಳುವುದು ಇದಕ್ಕೇ. ಎರಡು ಬಗೆಯ ತಮಿಳಿನ ನಡುವಿನ ವ್ಯತ್ಯಾಸವೇ ಇಲ್ಲಿ ಭಯ, ಅದೇ ನಗೆ, ಅದೇ ಕಥೆ. ಡಬ್ಬಿಂಗ್ ಆ ಎರಡನ್ನೂ ಒಂದೇ ಭಾಷೆ ಮಾಡಿಬಿಟ್ಟರೆ ಉಳಿಯುವುದು ಬರೀ ಒಳ್ಳೆಯ ಜನರ ಒಂದು ಕಥೆ. ಸಬ್‌ಟೈಟಲ್ ಹಾಕಿಕೊಂಡು ತಮಿಳಿನಲ್ಲೇ ನೋಡಿ. ಪಕ್ಕದಲ್ಲಿ ಒಬ್ಬರು ತಮಿಳು ಬಲ್ಲವರಿದ್ದರೆ ಇನ್ನೂ ಒಳ್ಳೆಯದು.

ನನ್ನ ಮಾವನವರು ಕುಂದಾಪುರದಿಂದ ಹದಿನಾಲ್ಕನೇ ವಯಸ್ಸಿನಲ್ಲಿ ಮುಂಬೈಗೆ ಬಂದು, ಪರೇಲಿನ ಒಂದು ಉಡುಪಿ ಹೋಟೆಲಿನಲ್ಲಿ ತಟ್ಟೆ ತೊಳೆಯುವುದರಿಂದ ಶುರುಮಾಡಿ ಭಟ್ಟರಾದವರು. ಅರವತ್ತರ ದಶಕದ ಕೊನೆಯ ಮಾತು. ‘ಬಜಾವ್ ಪುಂಗಿ, ಹಟಾವ್ ಲುಂಗಿ’ ಎಂಬ ಕೂಗು ಎದ್ದು ದಕ್ಷಿಣದವರ ಹೋಟೆಲುಗಳಿಗೆ ಕಲ್ಲು ಬೀಳುತ್ತಿದ್ದ ದಿನಗಳು. ಹೋಟೆಲಿನ ಧಣಿಗಳು ಹುಡುಗರನ್ನೆಲ್ಲ ಕೂರಿಸಿ ಹೇಳಿದರಂತೆ: ಪಂಚೆ ಉಟ್ಟು ರಸ್ತೆಗೆ ಇಳಿಯಬೇಡಿ, ಹೊರಗೆ ಕನ್ನಡ, ತುಳು ಆಡಬೇಡಿ, ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ತನ್ನಿ. ಮಾವನವರು ಎರಡು ತಿಂಗಳು ಹೀಗೆ ಮೂಕರ ಹಾಗೆ ಓಡಾಡಿದರು. ಅವರಿದ್ದದ್ದು ಗಿರಣಿ ಕೆಲಸಗಾರರ ಚಾಳು, ಹತ್ತು ಅಡಿ ಹನ್ನೆರಡು ಅಡಿಯ ಖೋಲಿ, ಸುತ್ತ ಎಲ್ಲ ಕೊಂಕಣದವರು. ಒಂದು ಸಂಜೆ ನಾಲ್ಕೈದು ಜನ ಚಾಳಿನ ಬಾಯಿಗೆ ಬಂದು ಇಲ್ಲಿ ಮದ್ರಾಸಿಗಳು ಯಾರಿದ್ದಾರೆ ಎಂದು ಕೇಳಿದಾಗ, ಪಕ್ಕದ ಖೋಲಿಯ ರತ್ನಾಗಿರಿಯ ಅಜ್ಜಿ ಗ್ಯಾಲರಿಯಲ್ಲಿ ನಿಂತು, ‘ಇಥೆ ಸಗಳೆ ಆಮಚೇಚ್ ಆಹೇತ್’, ಇಲ್ಲಿರುವವರೆಲ್ಲ ನಮ್ಮವರೇ ಎಂದು ಕೂಗಿ ಹೇಳಿದರಂತೆ. ಮಾವನವರು ಇದನ್ನು ಹೇಳುವಾಗ ಪ್ರತಿ ಸಲವೂ ಆ ಮರಾಠಿ ಮಾತನ್ನು ಮರಾಠಿಯಲ್ಲೇ ಹೇಳುತ್ತಿದ್ದರು, ಒಮ್ಮೆಯೂ ಕನ್ನಡಕ್ಕೆ ತಿರುಗಿಸಲಿಲ್ಲ. 1982ರ ಜನವರಿಯಲ್ಲಿ ಗಿರಣಿಗಳ ಸಂಪು ಶುರುವಾಗಿ ಎರಡೂವರೆ ಲಕ್ಷದಷ್ಟು ಕೆಲಸಗಾರರ ಮನೆಯಲ್ಲಿ ಒಲೆ ಹೊತ್ತುವುದೇ ಕಷ್ಟವಾದಾಗ, ಆ ಅಜ್ಜಿಯ ಮನೆಗೆ ಇಡ್ಲಿಯ ಹಿಟ್ಟು ತಪ್ಪದೆ ಹೋಗುತ್ತಿತ್ತು ಎಂದು ಅತ್ತೆಯವರು ಹೇಳುತ್ತಿದ್ದರು. ನಾನು ಆ ಮನೆಗೆ ಸೊಸೆಯಾಗಿ ಬಂದದ್ದು 1988ರಲ್ಲಿ. ಆಗಲೂ ಹಬ್ಬಕ್ಕೆ ಮೊದಲ ಬಾಳೆಲೆ ಪಕ್ಕದ ಖೋಲಿಗೇ.

ದಾಸನ್ ತನ್ನ ಮನೆಯವರಿಗೆ ಬಾಯಿ ಕಟ್ಟಿಸಿ ಒಳಗೆ ಕೂರಿಸಿದಾಗ ನಮ್ಮ ಯಜಮಾನರು ನನ್ನ ಕಡೆ ನೋಡಿದರು. ಇಬ್ಬರಿಗೂ ನೆನಪಾದದ್ದು ಒಬ್ಬರೇ.

ನನ್ನ ಮಟ್ಟಿಗೆ ಇನ್ನೊಂದು ನೆನಪೂ ಬಂತು, ಅದು ಅಷ್ಟು ಹಿತವಾದದ್ದಲ್ಲ. ನಾನು ಮುಂಬೈ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡಿದವಳು. ಕರಾವಳಿಯ ಮಕ್ಕಳು ‘ಹೋಪುದ್, ಬಪ್ಪುದ್’ ಅಂದರೆ ತಿದ್ದುತ್ತಿದ್ದೆ, ಕಲಬುರಗಿ, ಯಾದಗಿರಿ ಕಡೆಯವರ ಮಕ್ಕಳು ‘ಹೊಂಟೀನ್ರಿ’ ಅಂದರೆ ‘ಹೊರಟಿದ್ದೇನೆ ಅನ್ನು’ ಎಂದು ನಿಲ್ಲಿಸಿ ಹೇಳಿಸುತ್ತಿದ್ದೆ. ನನ್ನ ಮನೆಯ ಮಾತೇ ಕುಂದಾಪುರ ಕನ್ನಡ, ಆದರೂ ಶಾಲೆಯ ಗೇಟು ದಾಟುವಾಗ ಅದನ್ನು ಹೊರಗೆ ಬಿಟ್ಟು ಹೋಗುತ್ತಿದ್ದೆ, ಮಕ್ಕಳಿಗೂ ಹಾಗೇ ಮಾಡಿಸಿದೆ. ಬರೆಯಲು ಒಂದು ಸಮಾನ ಕನ್ನಡ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಕೆಲವು ಮಕ್ಕಳು ತಿದ್ದಿಸಿಕೊಂಡ ಮೇಲೆ ಮಾತಾಡುವುದನ್ನೇ ಕಡಿಮೆ ಮಾಡಿದ್ದು ನನಗೆ ಗೊತ್ತಿತ್ತು. ಮುಳ್ಳಿ ಬಾಯಿ ತೆರೆಯಲು ಹೋಗಿ ಅಮ್ಮನ ಮುಖ ನೋಡಿ ನುಂಗಿಕೊಳ್ಳುವಾಗ ಎರಡನೇ ಬೆಂಚಿನ ಒಬ್ಬ ಹುಡುಗನ ಮುಖ ಕಣ್ಣಿಗೆ ಕಟ್ಟಿತು. ಈಗ ನಮ್ಮ ರಸ್ತೆಯಾಚೆ ಹಳೆ ಬಿಲ್ಡಿಂಗ್ ಒಡೆದು ಹೊಸದು ಕಟ್ಟುವ ಕೆಲಸಕ್ಕೆ ಯಾದಗಿರಿ ಕಡೆಯ ಕುಟುಂಬಗಳು ಬಂದಿವೆ. ಸಂಜೆ ಅವರ ಒಂದು ಹುಡುಗಿ ನನ್ನಲ್ಲಿ ಮಗ್ಗಿ ಹೇಳಿಸಿಕೊಳ್ಳಲು ಬರುತ್ತಾಳೆ. ‘ಹೊಂಟೀನ್ರಿ ಟೀಚರ್’ ಎಂದು ಹೋಗುತ್ತಾಳೆ, ನಾನು ‘ಹುಷಾರಾಗಿ ಹೋಗವ್ವ’ ಅನ್ನುತ್ತೇನೆ.

ಚಿತ್ರಕ್ಕೆ ಬರುತ್ತೇನೆ. ಇದರಲ್ಲಿ ಒಬ್ಬ ನಾಯಕ, ಅವನ ಸುತ್ತ ಉಳಿದವರು ಅನ್ನುವ ಲೆಕ್ಕವಿಲ್ಲ. ಬೀದಿಯೇ ನಾಯಕ. ಪ್ರತಿ ಬಾಗಿಲ ಹಿಂದೆ ಒಂದು ಮನೆ, ಪ್ರತಿ ಮನೆಗೂ ಅದರದೇ ಒಂದು ಬೇಸರ. ಮನೆ ಮಾಲೀಕ ರಾಘವನ್, ಅವರ ಮಗಳು ಕುರಳ್. ರಿಚರ್ಡ್ ಎಂಬ ಸಿಡುಕಿನ ಹಿರಿಯರು, ದಾಸನ್ ಕಾರು ಓಡಿಸಲು ಸೇರುವುದು ಅವರ ಬಳಿ. ಇಳಿವಯಸ್ಸಿನ ಗುಣಶೇಖರ್, ಮಂಗೈಯರ್ಕರಸಿ ದಂಪತಿ. ಯಾರಿಗೂ ಬೇಡವಾದ ಒಬ್ಬ ಯುವಕ, ಆ ಪಾತ್ರದಲ್ಲಿ ನಿರ್ದೇಶಕರೇ ಇದ್ದಾರೆ. ಇವರೆಲ್ಲ ವರ್ಷಗಟ್ಟಲೆ ಅಕ್ಕಪಕ್ಕ ಇದ್ದು ಒಬ್ಬರನ್ನೊಬ್ಬರು ಬಲ್ಲವರಲ್ಲ. ಗುಟ್ಟು ಮುಚ್ಚಿಟ್ಟುಕೊಳ್ಳಬೇಕಾದ ದಾಸನ್ ಒಬ್ಬನಿಗೇ ಯಾರ ಕಷ್ಟವನ್ನೂ ಕಂಡೂ ಕಾಣದ ಹಾಗೆ ಹೋಗಲು ಬರುವುದಿಲ್ಲ. ಅಡಗಿರಬೇಕಾದವನೇ ಬಾಗಿಲು ತಟ್ಟುತ್ತಾನೆ. ಚಿತ್ರಕಥೆಯ ಜಾಣತನವೆಲ್ಲ ಈ ಒಂದು ವಿಷಯದಲ್ಲಿದೆ.

ನಗೆ ಬರುವುದೂ ಅಲ್ಲಿಂದಲೇ. ಬಾಗಿಲ ಬಳಿ ಒಂದು ಸದ್ದಾದರೆ ಮನೆಯ ನಾಲ್ವರೂ ನಿಂತಲ್ಲೇ ಕಲ್ಲಾಗುತ್ತಾರೆ. ದೊಡ್ಡವರು ಬಾಯಿ ಮುಚ್ಚಿದಷ್ಟೂ ಮುಳ್ಳಿಯ ಬಾಯಿ ತೆರೆದುಕೊಳ್ಳುತ್ತದೆ. ದಡಕ್ಕೆ ಬಂದ ರಾತ್ರಿ ಕಾವಲು ಪೊಲೀಸ್ ಭೈರವನ್ ಅವರನ್ನು ಹಿಡಿದೂ ಬಿಟ್ಟುಬಿಡುತ್ತಾನೆ, ಅದರಲ್ಲಿ ಈ ಹುಡುಗನ ಪಾಲೂ ಇದೆ. ಯಾರನ್ನೋ ಹೀಯಾಳಿಸಿ, ದಪ್ಪಗಿದ್ದವರನ್ನೋ ಕಪ್ಪಗಿದ್ದವರನ್ನೋ ಆಡಿಕೊಂಡು ನಗಿಸುವ ದುರಭ್ಯಾಸ ಇಲ್ಲಿಲ್ಲ. ಮೂರು ತಲೆಮಾರಿನವರು ಒಂದೇ ಸೋಫಾದ ಮೇಲೆ ಕೂತು ಮುಜುಗರವಿಲ್ಲದೆ ನೋಡಬಹುದು, ನಾವು ನೋಡಿದೆವು.

ಮಂಗೈಯರ್ಕರಸಿ ತೀರಿಕೊಳ್ಳುವ ಭಾಗ ಬಂತು.

ಆ ಹಿರಿಯ ಹೆಂಗಸು ಹೋದ ದಿನ ಗಂಡ ಒಬ್ಬರೇ. ಬೀದಿಯಲ್ಲಿ ಅಷ್ಟು ಮನೆಗಳಿದ್ದರೂ ಯಾರಿಗೂ ಅವರ ಬಳಕೆಯಿಲ್ಲ. ದಾಸನ್ ಮನೆಮನೆಯ ಬಾಗಿಲಿಗೆ ಹೋಗಿ ಕರೆಯುತ್ತಾನೆ. ಒಬ್ಬೊಬ್ಬರಾಗಿ ಬರುತ್ತಾರೆ, ಕೆಲಸ ಹಂಚಿಕೊಳ್ಳುತ್ತಾರೆ, ಆ ಮನೆ ಸಾವಿನ ಮನೆಯ ಹಾಗೆ ಆಗುತ್ತದೆ. ಚಿತ್ರದ ಹೃದಯ ಇದು. ಮಾಮಿ ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡು ಚಿತ್ರ ನಿಲ್ಲಿಸಿದರು.

ಅವರ ಯಜಮಾನರು ಹೋದದ್ದು 2021ರ ಏಪ್ರಿಲ್‌ನಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ. ಆಸ್ಪತ್ರೆಯಿಂದ ನೇರ ಸ್ಮಶಾನಕ್ಕೆ. ಮಕ್ಕಳು ದೂರದ ಊರುಗಳಲ್ಲಿ. ನಮ್ಮ ಬಿಲ್ಡಿಂಗಿನ ಹದಿನಾರು ಮನೆಯವರೂ ಕಿಟಕಿಯಲ್ಲಿ ನಿಂತು ಮಾಮಿ ಆಟೋದಿಂದ ಒಬ್ಬರೇ ಇಳಿದು ಬರುವುದನ್ನು ನೋಡಿದೆವು. ಆ ದಿನದ ಬಗ್ಗೆ ನಾಲ್ಕು ವರ್ಷ ಅವರು ಒಂದು ಮಾತೂ ಆಡಿರಲಿಲ್ಲ, ನಾವೂ ಕೇಳಿರಲಿಲ್ಲ. ಆ ಭಾನುವಾರ ಚಿತ್ರ ನಿಲ್ಲಿಸಿ, ಟಿವಿಯ ಕಡೆಯೇ ನೋಡುತ್ತ, ಆ ರಾತ್ರಿ ದೀಪ ಹಚ್ಚಲು ಬೆಂಕಿಪೊಟ್ಟಣ ಸಿಗದೆ ಮನೆಯೆಲ್ಲ ಹುಡುಕಿದ್ದನ್ನು ಹೇಳಿದರು. ಎದುರು ಬಾಗಿಲು ತಟ್ಟೋಣ ಅನ್ನಿಸಿತ್ತಂತೆ, ನಮಗೆ ಭಯವಾದೀತೆಂದು ತಟ್ಟಲಿಲ್ಲ. ನಾನು ಆ ರಾತ್ರಿ ಬಾಗಿಲಿನ ಈ ಕಡೆ ಎಷ್ಟೋ ಹೊತ್ತು ನಿಂತಿದ್ದೆ, ಅವರು ತಟ್ಟಿದರೆ ತೆರೆಯೋಣ ಎಂದು. ಅದನ್ನು ಹೇಳಿದೆ. ಮೂರನೇ ಮಾಳಿಗೆಯ ಅಜ್ಜನವರು ಕನ್ನಡಕ ತೆಗೆದು ಒರೆಸಿಕೊಂಡರು. ಕಾಕೂ ಎದ್ದು ಒಳಗೆ ಹೋಗಿ, ಅದು ತಮ್ಮದೇ ಅಡುಗೆಮನೆ ಅನ್ನುವ ಹಾಗೆ ಡಬ್ಬಿ ತೆರೆದು ಚಹಾ ಇಟ್ಟರು. ಅರ್ಧ ಗಂಟೆ ಆದಮೇಲೆ ಮಾಮಿಯೇ, ‘ಹಾಕಿ, ಮುಂದೆ ನೋಡೋಣ’ ಅಂದರು.

ಒಂದು ಸಿನಿಮಾದ ದೃಶ್ಯ ಚೆನ್ನಾಗಿದೆ ಎನ್ನಲು ಇದಕ್ಕಿಂತ ಬೇರೆ ಏನು ಹೇಳಲಿ?

ನಟನೆಯ ಬಗ್ಗೆ. ದಾಸನ್ ಆಗಿರುವ ಶಶಿಕುಮಾರ್ ಅವರನ್ನು ‘ಸುಬ್ರಮಣ್ಯಪುರಂ’ ಚಿತ್ರದ ಕಾಲದಿಂದ ಬಲ್ಲವರಿಗೆ ಅವರ ಕೈಯಲ್ಲಿ ಹಳ್ಳಿಯ ಸಿಟ್ಟು, ಹೊಡೆದಾಟ ನೋಡಿ ರೂಢಿ. ಇಲ್ಲಿ ಅವರ ಹೆಗಲುಗಳೇ ಇಳಿದಿವೆ. ಕೇಳಿಸಿಕೊಳ್ಳುವವನ ಮುಖ ಅವರದು, ಎದುರಿನವರು ಮಾತು ಮುಗಿಸುವ ತನಕ ಕಾಯುವ ಮುಖ. ಕುಮಾರವೇಲ್ ಅವರ ಗುಣಶೇಖರ್ ಹೆಂಡತಿ ಹೋದ ಮೇಲೆ ಏನನ್ನೂ ಹೆಚ್ಚಾಗಿ ಮಾಡುವುದಿಲ್ಲ, ಆದ್ದರಿಂದಲೇ ನೋಡಲು ಕಷ್ಟವಾಗುತ್ತದೆ. ಮಂಗೈಯರ್ಕರಸಿಯಾಗಿ ಶ್ರೀಜಾ ರವಿ. ಇವರು ಮಲಯಾಳದ ಹೆಸರಾಂತ ಕಂಠದಾನ ಕಲಾವಿದೆ, ದಶಕಗಳ ಕಾಲ ಎಷ್ಟೋ ನಾಯಕಿಯರಿಗೆ ದನಿಯಾದವರು. ಆ ದನಿಯ ಮುಖವನ್ನೂ ನೋಡಿ ಸಂತೋಷವಾಯಿತು. ರಿಚರ್ಡ್ ಆಗಿ ಎಂ.ಎಸ್. ಭಾಸ್ಕರ್. 2023ರ ‘ಪಾರ್ಕಿಂಗ್’ ಚಿತ್ರದಲ್ಲಿ, ಒಂದು ಕಾರು ನಿಲ್ಲಿಸುವ ಜಾಗಕ್ಕಾಗಿ ಕೆಳಮನೆ, ಮೇಲ್ಮನೆಯವರು ಹಗೆಗಳಾಗುವ ಕಥೆಯಲ್ಲಿ, ಹಟಮಾರಿ ನೆರೆಯವರಾಗಿ ಅಭಿನಯಿಸಿ ಪೋಷಕ ನಟ ರಾಷ್ಟ್ರಪ್ರಶಸ್ತಿ ಪಡೆದವರು ಇವರೇ. ಪಾರ್ಕಿಂಗ್ ಜಾಗಕ್ಕೆ ಬಣ್ಣದಲ್ಲಿ ಗೆರೆ ಹಾಕಿ ಎರಡು ವರ್ಷ ಮಾತು ಬಿಟ್ಟ ಮನೆಗಳು ನಮ್ಮ ಸೊಸೈಟಿಯಲ್ಲೂ ಇವೆ. ಆ ಚಿತ್ರ ಮೊದಲು, ಈ ಚಿತ್ರ ಆಮೇಲೆ, ಹೀಗೆ ಎರಡನ್ನೂ ಒಂದು ವಾರದೊಳಗೆ ನೋಡಬೇಕು.

ಸಿಮ್ರಾನ್ ಬಗ್ಗೆ ಬೇರೆಯೇ ಹೇಳಬೇಕು. ಮುಂಬೈಯಲ್ಲಿ ಹುಟ್ಟಿದ ಪಂಜಾಬಿ ಮನೆಯ ಹುಡುಗಿ. 1997ರಲ್ಲಿ ಶಿವರಾಜ್‌ಕುಮಾರ್ ಜೊತೆ ‘ಸಿಂಹದ ಮರಿ’ಯಲ್ಲಿ ನಮ್ಮ ಕನ್ನಡಕ್ಕೂ ಬಂದು ಹೋದವರು. ಅದೇ ಕಾಲದಲ್ಲಿ ಮಾಮಿಯ ಯಜಮಾನರು ನಮ್ಮನ್ನೆಲ್ಲ ಮಾಟುಂಗಾದ ಅರೋರಾ ಟಾಕೀಸಿಗೆ ತಮಿಳು ಚಿತ್ರಗಳಿಗೆ ಕರೆದುಕೊಂಡು ಹೋಗುತ್ತಿದ್ದರು, ಆಗೆಲ್ಲ ಸಿಮ್ರಾನ್ ಕುಣಿತಕ್ಕೆ ಸೀಟಿ ಬೀಳುತ್ತಿತ್ತು. ಈಗ ಅವರು ಹತ್ತಿಯ ಸೀರೆಯುಟ್ಟ ವಾಸಂತಿ. ಮಾತು ಆಡಬಾರದ ಮನೆಯಲ್ಲಿ ಕಣ್ಣಿನಲ್ಲೇ ಸಂಸಾರ ನಡೆಸುವ ಹೆಂಗಸು. ಗಂಡ ಮತ್ತೊಂದು ಮನೆಯ ಕಷ್ಟಕ್ಕೆ ಹೊರಟಾಗ ತಡೆಯಬೇಕೋ ಕಳಿಸಬೇಕೋ ಎಂದು ಒಂದು ಕ್ಷಣ ನಿಲ್ಲುತ್ತಾರಲ್ಲ, ಅದು ನಮ್ಮ ಅತ್ತೆಯವರ ನಿಲುವೇ. ಮಾಮಿಯ ಪ್ರಕಾರ ಜಾಫ್ನಾದ ರಾಗ ಸಿಮ್ರಾನ್ ಬಾಯಲ್ಲಿ ಎಲ್ಲ ಕಡೆ ಒಂದೇ ಸಮ ಇಲ್ಲ. ಅದು ನನಗೆ ತಿಳಿಯುವ ವಿಷಯವಲ್ಲ, ಮುಖ ಮಾತ್ರ ಎಲ್ಲ ಕಡೆ ಸಮ ಇತ್ತು.

ದೊಡ್ಡ ಮಗನಾಗಿ ಮಿಥುನ್ ಜೈಶಂಕರ್ ಅವರದು ಹದವಾದ ಅಭಿನಯ. ಊರಲ್ಲಿ ಬಿಟ್ಟುಬಂದ ಪ್ರೀತಿಗಾಗಿ ಅಪ್ಪನ ಮೇಲೆ ಒಳಗೊಳಗೇ ಕುದಿಯುವ ಹುಡುಗ ಅವನು. ಮುಳ್ಳಿಯಾದ ಕಮಲೇಶ್ ಚಿತ್ರವನ್ನು ಹೊತ್ತು ನಡೆಯುತ್ತಾನೆ. ಭೈರವನ್ ಆಗಿ ರಮೇಶ್ ತಿಲಕ್ ಚಿಕ್ಕ ಪಾತ್ರಕ್ಕೆ ದೊಡ್ಡ ಮನಸ್ಸು ಕೊಟ್ಟಿದ್ದಾರೆ. ಪ್ರಕಾಶ್ ಆಗಿ ಯೋಗಿ ಬಾಬು ಕೂಡ ಇಲ್ಲಿ ಅಬ್ಬರವಿಲ್ಲದೆ, ಸಂಬಂಧಿಕನೊಬ್ಬ ಇರುವ ಹಾಗೆ ಇದ್ದಾರೆ. ಶಾನ್ ರೋಲ್ಡನ್ ಸಂಗೀತ ಹಾಡುಗಳಲ್ಲಿ ಇಂಪು.

ಕೊರತೆಗಳಿವೆ, ಹೇಳುತ್ತೇನೆ. ಹಿನ್ನೆಲೆ ಸಂಗೀತ ಕಣ್ಣೀರಿನ ಕಡೆಗಳಲ್ಲಿ ನಮಗಿಂತ ಮುಂಚೆ ಅಳಲು ಶುರುಮಾಡುತ್ತದೆ. ಸಾವಿನ ಮನೆಯ ದೃಶ್ಯಕ್ಕೆ ಆ ವಾದ್ಯಗಳ ಸಹಾಯ ಬೇಕಿರಲಿಲ್ಲ. ಸ್ಫೋಟದ ತನಿಖೆಯ ಎಳೆ ತೆಳು. ಅದನ್ನು ನಡೆಸುವ ಅಧಿಕಾರಿಗೆ ಕೆಟ್ಟವನಾಗಿರುವುದನ್ನು ಬಿಟ್ಟರೆ ಬೇರೆ ಗುಣವಿಲ್ಲ. ಇಷ್ಟು ಚಿಕ್ಕ ಪಾತ್ರಗಳಿಗೂ ಒಂದೊಂದು ಮನಸ್ಸು ಕೊಟ್ಟ ನಿರ್ದೇಶಕರು ಅವನೊಬ್ಬನಿಗೆ ಯಾಕೆ ಕೊಡಲಿಲ್ಲ? ಎರಡನೇ ಅರ್ಧದಲ್ಲಿ ದಾಸನ್ ಕುಟುಂಬ ಮುಟ್ಟಿದ್ದೆಲ್ಲ ಒಳ್ಳೆಯದಾಗುತ್ತ ಹೋಗುತ್ತದೆ. ಅವರಿಗೂ ಒಂದು ಸಿಟ್ಟು, ಒಂದು ಸ್ವಾರ್ಥ, ಒಂದು ಸಣ್ಣತನ ಇದ್ದಿದ್ದರೆ ಇನ್ನೂ ನಂಬುತ್ತಿದ್ದೆ. ಕಷ್ಟದಲ್ಲಿ ಬಂದವರು ಒಳ್ಳೆಯವರಾಗಿದ್ದರೆ ಮಾತ್ರ ನಮ್ಮ ಬಾಗಿಲು ತೆರೆಯಬೇಕೇ, ಸಾಧಾರಣ ಮನುಷ್ಯರಾಗಿದ್ದರೆ? ಈ ಪ್ರಶ್ನೆಯ ಹತ್ತಿರ ಚಿತ್ರ ಬರುವುದಿಲ್ಲ.

ಇನ್ನೊಂದು. ಕಡಲು ದಾಟಿ ಬಂದ ನಿಜವಾದ ಕುಟುಂಬಗಳನ್ನು ಕರೆದೊಯ್ದದ್ದು ರಾಮೇಶ್ವರದ ಹತ್ತಿರದ ಮಂಡಪಂ ಶಿಬಿರಕ್ಕೆ. ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಮಾಡಿಲ್ಲ, ಆದ್ದರಿಂದ ಬಂದವರ ಕಾನೂನಿನ ಸ್ಥಾನಮಾನ ಯಾವಾಗಲೂ ತೂಗುಯ್ಯಾಲೆ. ದಶಕಗಳಿಂದ ಶಿಬಿರಗಳಲ್ಲೇ ಇರುವವರಿದ್ದಾರೆ, ಅಲ್ಲೇ ಹುಟ್ಟಿದವರೂ ಇದ್ದಾರೆ. ಚಿತ್ರ ಆ ಬದುಕಿನ ಕಡೆ ಹೊರಳದೆ ಬಾಡಿಗೆ ಮನೆಯ ದಾರಿ ಹಿಡಿಯುತ್ತದೆ. ನಗೆಯ ಚಿತ್ರಕ್ಕೆ ಅದು ಬೇಕಾದ ಅನುಕೂಲ, ಒಪ್ಪುತ್ತೇನೆ. ಆದರೆ ಬಾಡಿಗೆ ಮನೆ ಸಿಗುವ ಸಲೀಸು ನಮ್ಮೂರಿನವರಿಗೆ ನಂಬಲು ಕಷ್ಟ. ಮುಂಬೈಯಲ್ಲಿ ಸ್ವಂತ ಆಧಾರ್ ಕಾರ್ಡ್, ಒಳ್ಳೆಯ ನೌಕರಿ ಇದ್ದವರೇ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್, ಡಿಪಾಸಿಟ್, ದಲಾಲಿ, ಪೊಲೀಸ್ ಠಾಣೆಯ ಕಾಗದ, ಸೊಸೈಟಿ ಕಮಿಟಿಯ ಮುಂದೆ ಸಂದರ್ಶನ ಎಂದು ಚಪ್ಪಲಿ ಸವೆಸುತ್ತಾರೆ. ಮೀನು ತಿನ್ನುತ್ತೀರಾ, ಎಷ್ಟು ಜನ, ಯಾವ ಜಾತಿ, ಮದುವೆಯಾಗಿದೆಯಾ ಎಂದೆಲ್ಲ ಕೇಳಿಸಿಕೊಂಡು ಬಂದ ಊರಿನ ಹುಡುಗರನ್ನು ನಾನು ಎಷ್ಟೋ ಸಲ ಮನೆಯಲ್ಲಿ ಕೂರಿಸಿ ಊಟ ಹಾಕಿ ಸಮಾಧಾನ ಮಾಡಿ ಕಳಿಸಿದ್ದೇನೆ. ಈ ಬಾಗಿಲು ದಾಟುವ ಕಷ್ಟವನ್ನೂ ಇದೇ ನಗೆಯಲ್ಲಿ ತೋರಿಸಿದ್ದರೆ ಚಿತ್ರ ಇನ್ನೂ ಒಂದು ಮೆಟ್ಟಿಲು ಮೇಲೇರುತ್ತಿತ್ತು.

ಕೊನೆಯ ಇಪ್ಪತ್ತು ನಿಮಿಷದ ಬಗ್ಗೆ ಏನೂ ಹೇಳುವುದಿಲ್ಲ. ಮಾವನವರು ಇದ್ದಿದ್ದರೆ ಆ ಭಾಗವನ್ನು ಅವರಿಗೆ ತೋರಿಸುತ್ತಿದ್ದೆ ಎಂದಷ್ಟೇ ಹೇಳಬಲ್ಲೆ.

ಎರಡು ಗಂಟೆಗೆ ಸ್ವಲ್ಪ ಮೇಲಿನ ಚಿತ್ರ. ನಮಗೆ ಚಹಾ, ಭಜಿ, ನಡುವಿನ ಆ ಅರ್ಧ ಗಂಟೆ ಎಲ್ಲ ಸೇರಿ ಮುಗಿದಾಗ ಏಳು ಆಗುತ್ತ ಬಂದಿತ್ತು. ಹತ್ತು ವರ್ಷದ ಮೇಲಿನ ಮಕ್ಕಳಿಗೆ ತೋರಿಸಬಹುದು, ತೋರಿಸಬೇಕು. ಹೊಡೆದಾಟ, ವೇಗ, ತಿರುವುಗಳನ್ನು ಬಯಸುವವರಿಗೆ ಮೊದಲರ್ಧ ನಿಧಾನ ಅನ್ನಿಸೀತು. ಅವರಿಗೆ ನನ್ನದೊಂದು ಮಾತು, ಸಾವಿನ ಮನೆಯ ತನಕ ತಾಳ್ಮೆಯಿಂದ ಕೂತಿರಿ.

ಕಚ್ಛೀ ಅಂಗಡಿಯವರ ಮಗಳು ಮರುದಿನವೇ ಕಾಲೇಜಿನ ಗೆಳತಿಯರ ಜೊತೆ ಇನ್ನೊಮ್ಮೆ ನೋಡಿದಳಂತೆ. ಮುಂದಿನ ಭಾನುವಾರ ಕಾಕೂ ಮನೆಯಲ್ಲಿ ಒಂದು ಹಳೆ ಮರಾಠಿ ಚಿತ್ರ, ಅರ್ಥ ಹೇಳುವ ಕೆಲಸ ಈ ಸಲ ನನ್ನದು. ಮಾಮಿ ಕೆಳಗಿನಿಂದ ಮೆಟ್ಟಿಲ ಬಳಿ ನಿಂತು ‘ಕಾಕೂ, ಇದ್ದೀರಾ?’ ಎಂದು ಕೂಗಿದರೆ ಮೇಲಿನಿಂದ ಈಗ ಮರಾಠಿಯ ‘ಹೋ’ ಬರುವುದಿಲ್ಲ, ‘ಓಂ’ ಬರುತ್ತದೆ.